ಕಾಡಿಗೆ ಬೊಟ್ಟಿನ ಹಕ್ಕಿ

ಮೊನ್ನೆ ನಮ್ಮ ಮನೆಗೆ ಸುಣ್ಣ ಹೊಡೆಯಲು ಬಂದವರು ಮೊದಲು ಗೋಡೆ ಜಾಡಿಸಿದರು. ದಸರೆಗೆ ಇನ್ನು ಎಂಟೇ ದಿನ. ಹುಬ್ಬಳ್ಳಿ ಕೇಶ್ವಾಪುರದ ಈ ಬಾಡಿಗೆ ಮನೆಗೆ ನಾವು ಬಂದು ಎರಡು ವರ್ಷವಾದರೂ ತೊಲೆಗಳ ಸಂದಿಯನ್ನು ಯಾರೂ ಮುಟ್ಟಿರಲಿಲ್ಲ. ಉದ್ದ ಗಳಕ್ಕೆ ಕಟ್ಟಿದ ಕಸಬರಿಗೆ ಒಂದು ಸುತ್ತು ತಿರುಗಿತೋ ಇಲ್ಲವೋ, ನಾನು ಓದುತ್ತಿದ್ದ ಪತ್ರಿಕೆಯ ಮೇಲೆ ಬೆಳ್ಳಗಿನದೊಂದು ಬಿಲ್ಲೆ ಉದುರಿತು. ಮುಟ್ಟಿದರೆ ಅರಳೆಯ ಹಾಗೆ ಮೆತ್ತಗೆ, ಎಳೆದರೆ ರೇಷ್ಮೆಯ ಹಾಗೆ ಗಟ್ಟಿ. ಜೇಡ ತನ್ನ ತತ್ತಿಗಳನ್ನು ಸುತ್ತಿಡುವ ಚೀಲ ಅದು. ನಿಮ್ಮ ಮನೆಯ ಗೋಡೆಯ ಮೇಲೂ ಹತ್ತಾರು ಇದ್ದಾವು. ಸಾಮಾನ್ಯವಾಗಿ ಯಾರೂ ಅದರ ಮುಖ ನೋಡುವುದಿಲ್ಲ. ನಾನು ಮಾತ್ರ ಅದನ್ನು ಅಂಗೈಯಲ್ಲಿಟ್ಟುಕೊಂಡು ಸುಮ್ಮನೆ ಕೂತುಬಿಟ್ಟೆ. ಒಳಗಿನಿಂದ ಕೊಡ ಹಿಡಿದು ಬಂದ ನನ್ನ ಹೆಂಡತಿ ನನ್ನ ಅಂಗೈಯನ್ನೂ ಅದರ ಮೇಲಿನ ಬಿಲ್ಲೆಯನ್ನೂ ಒಂದು ಗಳಿಗೆ ನೋಡಿದಳು. ನೀರಿಗೆ ಹೋದಳು.

ನಾನು ಸಾಲೆಯ ಮಾಸ್ತರ. ವಿಜ್ಞಾನ ಕಲಿಸಿ ಕಲಿಸಿ ಈಗ ಹೆಡ್‌ಮಾಸ್ತರನಾಗಿದ್ದೇನೆ. ಹುಡುಗರು ಬೆನ್ನ ಹಿಂದೆ ನನ್ನನ್ನು ‘ಹಕ್ಕಿ ಮಾಸ್ತರ’ ಎನ್ನುತ್ತಾರೆ. ದೊಡ್ಡವರು ಎದುರಿಗೇ ಅನ್ನುತ್ತಾರೆ, ಗೌರವದಿಂದ. ಎಲ್ಲಿಯೋ ಸಭೆಯಲ್ಲಿ ನನ್ನನ್ನು ಪರಿಚಯಿಸುವಾಗ ‘ಪಕ್ಷಿಗಳ ಬಗ್ಗೆ ಮುಂಬಯಿಯ ಇಂಗ್ಲಿಷ್ ಪತ್ರಿಕೆಯಲ್ಲಿ ಬರೆದವರು’ ಎಂದು ಹೇಳದೆ ಬಿಡುವುದಿಲ್ಲ. ನಾನು ತಲೆ ತಗ್ಗಿಸುತ್ತೇನೆ. ಜನ ಅದನ್ನು ವಿನಯ ಅಂದುಕೊಳ್ಳುತ್ತಾರೆ. ಖರೆ ಹೇಳಬೇಕೆಂದರೆ ಗುಬ್ಬಿ, ಕಾಗೆ, ಗಿಳಿ, ಪಾರಿವಾಳ ಬಿಟ್ಟರೆ ನಾನು ಧೈರ್ಯದಿಂದ ಗುರುತಿಸಬಲ್ಲ ಹಕ್ಕಿ ಇನ್ನೊಂದೇ ಒಂದು. ಆ ಒಂದನ್ನೂ ನನಗೆ ತೋರಿಸಿದವಳು ಆಕೆ, ಈಗ ಕೊಡ ಹಿಡಿದು ಹೋದಳಲ್ಲ, ಗಿರಿಜಾ.

ಇಪ್ಪತ್ತು ವರ್ಷದ ಹಿಂದೆ ನಾವು ಧಾರವಾಡದಲ್ಲಿದ್ದೆವು. ಹಳಿಯಾಳ ರಸ್ತೆಯ ಕಡೆ ಊರು ಮುಗಿಯುವಲ್ಲಿ ಒಂದು ಹೆಂಚಿನ ಮನೆ. ಹಿತ್ತಲ ಗೋಡೆ ದಾಟಿದರೆ ಚಿಕ್ಕ ಹಳ್ಳ. ಹಳ್ಳದ ದಂಡೆಗೆ ಬಿದಿರು ಮೆಳೆ, ಮತ್ತಿಯ ಗಿಡ, ಕವಳಿ ಕಂಟಿ. ಅಲ್ಲಿಂದ ಪಶ್ಚಿಮಕ್ಕೆ ಹೋದ ಹಾಗೆಲ್ಲ ಅಡವಿ ದಟ್ಟವಾಗುತ್ತ ಹೋಗುತ್ತಿತ್ತು. ಮಳೆಗಾಲ ಹತ್ತಿರ ಬಂತೆಂದರೆ ಆ ಅಡವಿಯ ಏನೇನೋ ಜೀವಗಳು ಹಳ್ಳ ಹಿಡಿದು ನಮ್ಮ ಹಿತ್ತಲ ತನಕ ಬರುತ್ತಿದ್ದವು. ಮನೆಯಲ್ಲಿ ನಾವು ಮೂವರೇ: ನಮ್ಮವ್ವ, ನಾನು, ಗಿರಿಜಾ. ಆಕೆಗೆ ಹದಿನೆಂಟು ವರ್ಷ. ನಾಲ್ಕನೆಯ ಇಯತ್ತೆಯ ತನಕ ಸಾಲೆಗೆ ಹೋಗಿದ್ದಳು. ಮದುವೆಯಾಗಿ ಎರಡು ವರ್ಷವಾಗಿದ್ದರೂ ನಾವಿಬ್ಬರೂ ಕೂತು ಮಾತಾಡಿದ್ದು ಕಡಿಮೆ. ಹಿರಿಯರ ಮುಂದೆ ಗಂಡಹೆಂಡಿರು ಮಾತಾಡುವ ಪದ್ಧತಿ ಇರಲಿಲ್ಲ ಎನ್ನುವುದು ಒಂದು ಕಾರಣ. ಮಾತಾಡಲು ನನ್ನ ಹತ್ತಿರ ಏನೂ ಇರಲಿಲ್ಲ ಎನ್ನುವುದು ಇನ್ನೊಂದು. ಆಕೆಯ ಹತ್ತಿರ ಇತ್ತೆಂದು ಆಗ ನನಗೆ ತಿಳಿದಿರಲಿಲ್ಲ.

ಆ ವರ್ಷ ಬೇಸಿಗೆಯಲ್ಲಿ ನನ್ನನ್ನು ಮಾಸ್ತರರ ತರಬೇತಿಗೆಂದು ಪುಣೆಗೆ ಕಳಿಸಿದರು. ಏಪ್ರಿಲ್ ಕೊನೆಗೆ ಹೋದವನು ಜೂನ್ ನಡುವಿಗೆ ತಿರುಗಿ ಬಂದೆ. ಬಂದ ಸಂಜೆ ಅವ್ವ ಪುರಾಣ ಕೇಳಲು ಮಠಕ್ಕೆ ಹೋಗಿದ್ದಳು. ಕೈಕಾಲು ತೊಳೆದು ಬರುವಷ್ಟರಲ್ಲಿ ಗಿರಿಜಾ ಹಿತ್ತಲ ಬಾಗಿಲಲ್ಲಿ ನಿಂತು, “ನಿಮಗೊಂದು ತೋರಸ್ತೇನಿ ಬರ್ರಿ. ಸಪ್ಪಳ ಮಾಡಬ್ಯಾಡ್ರಿ” ಎಂದಳು.

ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನನ್ನನ್ನು ನಿಲ್ಲಿಸಿ ಬೆರಳು ಮಾಡಿದಳು. ಗೋಡೆಯ ಆಚೆ ಮತ್ತಿಯ ಎಳೆಗಿಡದ ಕವಲಿನಲ್ಲಿ ಒಂದು ಗೂಡು. ಒಡೆದ ತೆಂಗಿನ ಚಿಪ್ಪಿನ ಅರ್ಧದಷ್ಟೂ ಇಲ್ಲ. ಬೂದಿ ಬಣ್ಣದ ನಾರಿನಿಂದ ಹೆಣೆದದ್ದು. ಹೊರಮೈಗೆಲ್ಲ ಸುಣ್ಣದ ಚುಕ್ಕೆ ಇಟ್ಟ ಹಾಗೆ ಬಿಳಿಯ ತುಣುಕುಗಳು. ನೋಡುತ್ತಿರುವಾಗಲೇ ಒಂದು ಹಕ್ಕಿ ಬಂದು ಅಂಚಿಗೆ ಕೂತಿತು. ಗುಬ್ಬಿಗಿಂತ ಸಣ್ಣ ಮೈ, ಮೈಗಿಂತ ಉದ್ದ ಅನ್ನಿಸುವ ಬಾಲ. ಹರಳಿನಂಥ ನೀಲಿ. ಕೊರಳಿಗೆ ಒಂದು ಕರಿ ಗೆರೆ, ಹಿಂದಲೆಗೆ ಒಂದು ಕರಿ ಬೊಟ್ಟು. ಬಾಯಲ್ಲಿ ಹಿಡಿದಿದ್ದ ನೊಣವನ್ನು ಮರಿಯ ಬಾಯಿಗೆ ತುರುಕಿ, ಗಾಳಿಯಲ್ಲೇ ಇನ್ನೊಂದನ್ನು ಕಚ್ಚಿಕೊಂಡು ಬಿದಿರಿನಲ್ಲಿ ಮಾಯವಾಯಿತು.

“ಯಾವ ಹಕ್ಕಿ ಇದು?” ಎಂದೆ.

“ನಂಗೇನ ಗೊತ್ತರಿ. ಯಾರಿಗೂ ಗೊತ್ತಿಲ್ಲ. ನಾ ಕಾಡಿಗಿ ಹಕ್ಕಿ ಅಂತೇನಿ. ಕೂಸಿಗೆ ನದರ ಹತ್ತಬಾರದಂತ ಹಿಂದ ಕಾಡಿಗಿ ಬೊಟ್ಟ ಇಡತಾರಲ್ಲ, ಹಂಗ ಐತಿ ನೋಡ್ರಿ.”

ಆಮೇಲೆ ಆಕೆ ಹೇಳತೊಡಗಿದಳು. ನನ್ನ ಹೆಂಡತಿ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಅಲ್ಲಿಯ ತನಕ ಕೇಳಿರಲಿಲ್ಲ. ಮೊದಲು ಆ ಹಕ್ಕಿಯನ್ನು ಆಕೆ ಕಂಡದ್ದು ನಮ್ಮ ಹಿಂದಿನ ಪಡಸಾಲೆಯ ಸೂರಿನಲ್ಲಿ. ಗಾಳಿಯಲ್ಲಿ ರೆಕ್ಕೆ ಬಡಿಯುತ್ತ ನಿಂತು, ಜಂತಿಗೆ ಅಂಟಿದ್ದ ಜೇಡರ ತತ್ತಿಚೀಲವನ್ನು ಕಿತ್ತುಕೊಂಡು ಹೋಯಿತಂತೆ. ಏನು ಮಾಡುತ್ತದೆ ನೋಡೋಣವೆಂದು ಈಕೆ ಪಾತ್ರೆ ಬಿಟ್ಟು ಹಿಂದೆಯೇ ಹೋದಳು. ಗೂಡು ಸಿಕ್ಕಿತು. ಆವತ್ತಿನಿಂದ ಹಿಂದಿನ ಪಡಸಾಲೆಯ ಬಲೆ ಹೊಡೆಯುವುದನ್ನೇ ಬಿಟ್ಟಳು.

ಇದು ಚಿಕ್ಕ ಮಾತಲ್ಲ. ನಮ್ಮವ್ವನ ಪ್ರಕಾರ ದಾರಿದ್ರ್ಯ ಮನೆಗೆ ಬರುವುದು ಜೇಡರ ಬಲೆಯ ಎಳೆ ಹಿಡಿದೇ. “ಏನವಾ ಗಿರಿಜಾ, ಕಣ್ಣ ಇಲ್ಲೇನು? ಬಲಿ ಕಟ್ಟಿದ ಮನ್ಯಾಗ ಲಕ್ಷ್ಮಿ ನಿಲ್ಲತಾಳೇನ?” ಎಂದು ದಿನಾಲೂ ಆಗುತ್ತಿತ್ತು. ಈಕೆ “ಹೂನ್ರಿ ಅತ್ತಿ” ಎಂದು ಮುಂದಿನ ಪಡಸಾಲೆ, ನಡುಮನೆ, ಅಡಿಗೆಮನೆ ಎಲ್ಲ ಜಾಡಿಸಿ, ಹಿಂದಿನದನ್ನು ಮಾತ್ರ ಹಾಗೇ ಬಿಡುತ್ತಿದ್ದಳು. ತಿಂಗಳುಗಟ್ಟಲೆ ಬೈಸಿಕೊಂಡಳು. ಹಕ್ಕಿಯ ಸಲುವಾಗಿ ಎಂದು ಹೇಳಲಿಲ್ಲ. ಹೇಳಿದ್ದರೆ ಅವ್ವ ಮೊದಲು ಹಕ್ಕಿಯನ್ನೇ ಓಡಿಸುತ್ತಿದ್ದಳು.

ಅಂದಿನಿಂದ ಅವ್ವ ಮಠಕ್ಕೆ ಹೋದ ಸಂಜೆಯೆಲ್ಲ ನಮ್ಮದು ಅದೇ ಮಾತು. ಆಕೆ ಹೇಳುವುದು, ನಾನು ಬರೆದುಕೊಳ್ಳುವುದು. ಆಕೆಯ ಲೆಕ್ಕವೆಲ್ಲ ಹಬ್ಬಹುಣ್ಣಿಮೆಗಳದು. “ಅಕ್ಷತ್ತದಿಗಿ ಆದ ಮ್ಯಾಲ ಎರಡನೇ ಸೋಮಾರ ಕಟ್ಟಾಕ ಹತ್ತಿತ್ರಿ. ಒಂಬತ್ತ ದಿನಕ್ಕ ಗೂಡಾತು. ಮೂರು ತತ್ತಿ ಇಟ್ಟಿತು, ದಿನಕ್ಕೊಂದು. ಹನ್ನೆರಡ ದಿನಕ್ಕ ಮರಿ. ಒಂದ್ ತತ್ತಿ ಒಡೀಲೇ ಇಲ್ಲ.” ನಾನು ಪಂಚಾಂಗ ಬಿಚ್ಚಿಕೊಂಡು ಅಕ್ಷಯ ತೃತೀಯೆಯಿಂದ ಹಿಡಿದು ಅದನ್ನೆಲ್ಲ ಇಂಗ್ಲಿಷ್ ತಾರೀಖಿಗೆ ತಿರುಗಿಸುವುದು. ತತ್ತಿಯ ಬಣ್ಣ ಯಾವುದು ಎಂದರೆ, “ಕೆನಿಮ್ಯಾಲ ಕುಂಕುಮ ಉದರಿಸಿಧಂಗ” ಎನ್ನುವಳು. ಕೂಗು ಹೇಗೆ ಎಂದರೆ ಕೂಗಿ ತೋರಿಸುವಳು, ಆಮೇಲೆ ನಾಚಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುವಳು. ನನ್ನ ಸಂಸಾರದಲ್ಲಿ ಅಷ್ಟು ಹಗುರಾದ ದಿನಗಳು ಹಿಂದೆ ಬಂದಿರಲಿಲ್ಲ. ಮುಂದೆಯೂ ಬರಲಿಲ್ಲ.

ಈಗ ನನ್ನ ದೊಡ್ಡಸ್ತಿಕೆಯ ಮಾತಿಗೆ ಬರುತ್ತೇನೆ. ಆ ಕಾಲದಲ್ಲಿ ನನಗೆ ಇಂಗ್ಲಿಷ್ ಬರೆಯುವ ಹುಚ್ಚು. ರಜೆಯ ಅರ್ಜಿಯಲ್ಲಿ ಸಹ ಒಂದಾದರೂ ಗಡಚು ಶಬ್ದ ಇರಲೇಬೇಕು. ಮುಂಬಯಿಯಿಂದ ಬರುತ್ತಿದ್ದ ಪ್ರಾಣಿಪಕ್ಷಿಗಳ ಒಂದು ಇಂಗ್ಲಿಷ್ ಪತ್ರಿಕೆ ನಮ್ಮ ಸಾಲೆಯ ವಾಚನಾಲಯದಲ್ಲಿತ್ತು. ಅದರಲ್ಲಿ ಹುಡುಕಿದಾಗ ಇದು ನೊಣ ಹಿಡಿದು ತಿನ್ನುವ ಜಾತಿಯ ಅಡವಿಯ ಹಕ್ಕಿಯೆಂದೂ, ಊರಿಗೆ ಇಷ್ಟು ಹತ್ತಿರ ಗೂಡು ಕಟ್ಟಿದ್ದು ಅಪರೂಪವೆಂದೂ ತಿಳಿಯಿತು. ಎರಡು ಪುಟದ ಟಿಪ್ಪಣಿ ಬರೆದೆ. ‘ನಾನು ನೋಡಿದೆ, ನಾನು ಗಮನಿಸಿದೆ, ನಾನು ಎಣಿಸಿದೆ’ ಎಂದೇ ಬರೆದೆ. ಇಂಗ್ಲಿಷಿನಲ್ಲಿ ‘ನಾನು’ ಎಂಬುದಕ್ಕೆ ಒಂದೇ ಅಕ್ಷರ. ಬರೆಯಲು ಏನೂ ತ್ರಾಸವಿಲ್ಲ. ನಡುವೆ ಗೂಡು ಕಟ್ಟುವ ವರ್ಣನೆ ಬಂತು. ಗಂಡು ಹೆಣ್ಣು ಕೂಡಿ ನಾರು ತಂದು, ಕೂಡಿ ಹೆಣೆದವು ಎಂದು ಒಂದು ವಾಕ್ಯ ಹಾಕಿದೆ. ಗಿರಿಜಾ ಹಾಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಆದರೆ ಆ ವಾಕ್ಯ ಇಂಗ್ಲಿಷಿನಲ್ಲಿ ಬಹಳ ಚೆಂದ ಕೂತಿತ್ತು.

ಅಚ್ಚಾಗಿ ಬಂದಾಗ ಆಕೆ ಪತ್ರಿಕೆಯನ್ನು ದೇವರ ಜಗಲಿಯ ಮೇಲಿಟ್ಟಳು. “ಕಾಡಿಗಿ ಅಂತ ಎಲ್ಲಿ ಬರದೀರಿ, ತೋರಸ್ರಿ” ಎಂದಳು. ತೋರಿಸಿದೆ. ಧಾರವಾಡದ ಜನ ಇದನ್ನು ಹೀಗೆ ಕರೆಯುತ್ತಾರೆ ಎಂದು ಬರೆದದ್ದನ್ನು ಓದಿ ಹೇಳಿದೆ.

“ಅಯ್ಯ, ಧಾರವಾಡ ಮಂದಿ ಎಲ್ಲಿ ಅಂತಾರ್ರಿ? ನಾ ಒಬ್ಬಾಕಿನ ಅನ್ನೂದು!”

“ನೀನೂ ಧಾರವಾಡ ಮಂದಿನ ಅಲ್ಲ?”

ಆಕೆ ನಕ್ಕುಬಿಟ್ಟಳು. ಇದನ್ನು ಒತ್ತಿ ಹೇಳುತ್ತೇನೆ: ಆ ದಿನ ಆಕೆಗೆ ಯಾವ ಬೇಸರವೂ ಇರಲಿಲ್ಲ. ಗಂಡನ ಹೆಸರು ಅಚ್ಚಾಗಿದೆ ಎಂದು ಓಣಿಯಲ್ಲಿ ನಾಲ್ಕು ಮನೆಗೆ ಸಕ್ಕರೆ ಹಂಚಿದಳು.

ಚಳಿಗಾಲದಲ್ಲಿ ಒಂದು ರವಿವಾರ ಬೆಳಿಗ್ಗೆ ಕುದುರೆಯ ಮೇಲೆ ಒಬ್ಬ ಸಾಹೇಬ ಬಂದ. ಅಡವಿ ಖಾತೆಯ ದೊಡ್ಡ ಅಧಿಕಾರಿ, ಇಂಗ್ಲಿಷರವನು. ಅಡವಿ ನೋಡುವ ದೌರೆಯ ಮೇಲೆ ಬಂದು ಊರ ಹೊರಗೆ ಡೇರೆ ಹೊಡೆಸಿದ್ದ. ಹಕ್ಕಿಗಳ ಹುಚ್ಚು ಅವನಿಗೆ. ನನ್ನ ಟಿಪ್ಪಣಿ ಓದಿ ನನ್ನನ್ನೇ ಹುಡುಕಿಕೊಂಡು ಬಂದಿದ್ದ. ಓಣಿಯ ಜನರೆಲ್ಲ ಬಾಗಿಲಿಗೆ ಬಂದು ನಿಂತರು. ನಾನು ಗಡಿಬಿಡಿಯಿಂದ ಕೋಟು ಹಾಕಿಕೊಂಡು, ಅರ್ಧ ಸುತ್ತಿದ ರುಮಾಲಿನಲ್ಲೇ ಹೊರಗೆ ಬಂದೆ. ಅವನ ಜವಾನ, ಪಟ್ಟೇವಾಲ, ಕುದುರೆ ಹಿಡಿದು ರಸ್ತೆಯಲ್ಲೇ ಉಳಿದ. ಸಾಹೇಬ ಮುಂದಿನ ಪಡಸಾಲೆಯಲ್ಲಿ ನಮ್ಮ ಒಂದೇ ಒಂದು ಕುರ್ಚಿಯ ಮೇಲೆ ಕೂತ. ಚಹಾ ಯಾರು ತಂದಿಟ್ಟರೋ ನೆನಪಿಲ್ಲ.

ಮೊದಲು ಹೊಗಳಿದ. ಆಮೇಲೆ ಪತ್ರಿಕೆ ಬಿಚ್ಚಿ, ಆ ಚೆಂದದ ವಾಕ್ಯದ ಮೇಲೆಯೇ ಬೆರಳಿಟ್ಟ. ಈ ಜಾತಿಯಲ್ಲಿ ಗಂಡು ಗೂಡು ಕಟ್ಟಿದ್ದನ್ನು ತಾನು ನೋಡಿಲ್ಲ, ನೀವು ನೋಡಿದಿರೋ? ಎಷ್ಟು ಸಲ? ಗಂಡು ತಂದದ್ದು ನಾರೋ, ಜೇಡರ ಎಳೆಯೋ? ನಾನು ‘ಹೌದು’ ಎಂದೆ, ‘ಅನೇಕ ಸಲ’ ಎಂದೆ, ‘ಎರಡನ್ನೂ’ ಎಂದೆ. ಒಂದೊಂದು ಉತ್ತರಕ್ಕೂ ಅವನ ಹುಬ್ಬು ಮೇಲೇರಿತು. ನನ್ನ ಇಂಗ್ಲಿಷ್ ಅವನಿಗೆ ತಿಳಿಯುತ್ತಿಲ್ಲವೆಂದುಕೊಂಡನೋ ಏನೋ, ಕನ್ನಡಕ್ಕೆ ಇಳಿದ. ಸರಕಾರದ ಕನ್ನಡ ಪರೀಕ್ಷೆ ಪಾಸಾದವನು. ಪುಸ್ತಕದ ಕನ್ನಡ.

“ಗಂಡು ಪಕ್ಷಿಯು ನಾರನ್ನು ತಂದಿತೋ? ನೀವು ಸ್ವಂತ ಕಣ್ಣಿನಿಂದ ನೋಡಿದಿರೋ?” ಎಂದು ಗಟ್ಟಿಯಾಗಿ ಕೇಳಿದ.

ನಾನು ಬಾಯಿ ತೆರೆಯುವಷ್ಟರಲ್ಲಿ ನಡುಮನೆಯ ಬಾಗಿಲ ಹಿಂದಿನಿಂದ ಗಿರಿಜಾಳ ದನಿ ಬಂತು.

“ಇಲ್ಲರಿ. ಗಂಡು ಒಂದ್ ಎಳಿ ಸೈತ ತರಲಿಲ್ಲ. ಹೆಣ್ಣ ಹೋದಲ್ಲಿ ಅದರ ಜೋಡಿ ಹೋಗತಿತ್ತು, ಅದರ ಜೋಡಿ ಬರತಿತ್ತು, ಅಷ್ಟ. ಕಟ್ಟಿದ್ದೆಲ್ಲಾ ಆಕಿನ.”

ಸಾಹೇಬ ಕುರ್ಚಿಯಿಂದ ಅರ್ಧ ಎದ್ದ. ಇಂಗ್ಲಿಷಿನಲ್ಲಿ ನನ್ನನ್ನು ಕೇಳಿದ: “ಅದು ಯಾರು?”

ಓದುಗರೇ, ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಏನೇನು ಓಡಿತೆಂದು ಹೇಳಲು ಪ್ರಯತ್ನಿಸುತ್ತೇನೆ. ಹೆಂಡತಿ ಎಂದರೆ, ಹಾಗಾದರೆ ನೋಡಿದವಳು ಅವಳೇ ಎಂದು ಸಾಹೇಬನಿಗೆ ಗೊತ್ತಾಗುತ್ತದೆ. ‘ಅನೇಕ ಸಲ’ ಎಂದದ್ದು ಸುಳ್ಳೆಂದು ಗೊತ್ತಾಗುತ್ತದೆ. ಮನೆಯ ಹೆಣ್ಣುಮಗಳು ಪರಪುರುಷರ ಮಾತಿನಲ್ಲಿ ಬಾಯಿ ಹಾಕಿದ್ದು ಬೇರೆ. ಆಳಿನ ಮಾತಾದರೆ ಹಾಗಲ್ಲ. ಆಳು ಏನೋ ಒದರಿದಳು ಎಂದರೆ ಮುಗಿಯಿತು. ಇಷ್ಟೆಲ್ಲ ವಿಚಾರ ಮಾಡಿ ಹೇಳಿದೆನೋ, ವಿಚಾರ ಮಾಡದೆಯೇ ಬಾಯಿಂದ ಜಾರಿತೋ ತಿಳಿಯದು.

“ಮನೆಗೆಲಸದ ಹೆಂಗಸು. ಅವಳ ಮಾತಿಗೆ ಬೆಲೆ ಕೊಡಬೇಡಿ” ಎಂದೆ, ಇಂಗ್ಲಿಷಿನಲ್ಲಿ.

ನಮ್ಮ ಮನೆಯಲ್ಲಿ ಯಾವತ್ತೂ ಕೆಲಸದವರು ಇದ್ದದ್ದಿಲ್ಲ.

ಸಾಹೇಬ ಬೆಲೆ ಕೊಡದೆ ಬಿಡಲಿಲ್ಲ. ಬಾಗಿಲ ಕಡೆ ಮುಖ ಮಾಡಿ ತನ್ನ ಪುಸ್ತಕದ ಕನ್ನಡದಲ್ಲಿ ಒಂದರ ಮೇಲೊಂದು ಪ್ರಶ್ನೆ ಹಾಕಿದ. ಕಾವು ಕೂತದ್ದು ಯಾವುದು? “ಜಾಸ್ತಿ ಹೆಣ್ಣರಿ. ಮಧ್ಯಾಹ್ನ ಚೂರು ಗಂಡೂ ಕೂಡತಿತ್ತು.” ಹಾವು ಬಂದಿತ್ತೋ? “ಒಮ್ಮೆ ಓತಿಕ್ಯಾತ ಬಂದಿತ್ತರಿ, ಇಬ್ಬರೂ ಕೂಡಿ ಕುಕ್ಕಿ ಓಡಿಸಿದುವು.” ಜೇಡರ ಚೀಲವನ್ನು ಹೇಗೆ ಅಂಟಿಸಿತು? “ಮೊದಲ ನಾರು ಸುತ್ತಿ, ಆಮ್ಯಾಲ ಎದಿ ಹಚ್ಚಿ ಒತ್ತತಿತ್ತರಿ, ನಾವು ರೊಟ್ಟಿ ಬಡಿಯೂಮುಂದ ಅಂಚು ಒತ್ತತೇವಲ್ಲ, ಹಂಗ.” ಅವನು ಮೊಣಕಾಲ ಮೇಲೆ ವಹಿ ಇಟ್ಟುಕೊಂಡು ಬರೆದದ್ದೇ ಬರೆದದ್ದು. ನಾನು ನನ್ನ ಮನೆಯಲ್ಲಿ ನಿಂತೇ ಇದ್ದೆ.

ಹೋಗುವಾಗ ನನ್ನ ಬೆನ್ನು ತಟ್ಟಿ ನಕ್ಕ. “ನಿಮ್ಮ ಆಳಿಗೆ ನಿಮಗಿಂತ ಒಳ್ಳೆಯ ಕಣ್ಣುಗಳಿವೆ. ಅವಳನ್ನು ನನಗೆ ಕೊಟ್ಟುಬಿಡಿ. ನನ್ನ ಡೇರೆಯಲ್ಲಿ ಹೆಂಡತಿಯ ಕೈಕೆಳಗೆ ಇರಲಿ, ನನಗೆ ಹಕ್ಕಿಗಳನ್ನು ತೋರಿಸಲಿ” ಎಂದ, ಇಂಗ್ಲಿಷಿನಲ್ಲಿ. ಅವನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಮೆಚ್ಚಿ ಹೇಳಿದ. ವಿಚಾರ ಮಾಡಿ ತಿಳಿಸುತ್ತೇನೆ ಎಂದು ಹಲ್ಲು ಕಿರಿದು ಕಳಿಸಿಕೊಟ್ಟೆ.

ಒಳಗೆ ಬಂದರೆ ಗಿರಿಜಾಳ ಮುಖ ಕೆಂಪಾಗಿತ್ತು. “ನಾ ನಡುವ ಬಾಯಿ ಹಾಕಿದ್ದು ತಪ್ಪಾತೇನ್ರಿ? ನಿಮಗ ನೆನಪಿಲ್ಲಂತ ಹೇಳಿದೆ” ಎಂದಳು.

“ಇಲ್ಲ ಇಲ್ಲ, ಛಲೋ ಆತು.”

“ಸಾಹೇಬ್ರು ಹೋಗೂಮುಂದ ಏನಂದ್ರು?”

“ಬರದದ್ದು ಭಾಳ ಛಲೋ ಐತಿ ಅಂದ್ರು.”

ಆಕೆ ಒಂದು ವಾರ ಸುಖವಾಗಿದ್ದಳು. ಸಾಹೇಬನೆದುರು ಗಂಡನ ಮಾನ ಉಳಿಸಿದೆನೆಂಬ ಸುಖ. ಆ ವಾರದಲ್ಲಿ ಹೇಳಿಬಿಡಲು ನನಗೆ ಏಳು ಸಂಜೆ ಇದ್ದವು. ಹೇಳಲಿಲ್ಲ.

ಎಂಟನೆಯ ದಿನ ಪೇಟೆಯಿಂದ ಬಂದು ಗೋಡೆಗೆ ಸೈಕಲ್ ಆನಿಸುತ್ತಿದ್ದೆ. ನಮ್ಮ ಬಾಗಿಲಲ್ಲಿ ಸಾಹೇಬನ ಪಟ್ಟೇವಾಲ ನಿಂತಿದ್ದ. ಒಳಗಿನಿಂದ ಗಿರಿಜಾ ಮಾತಾಡುತ್ತಿದ್ದಳು. ಅವನಿಗೆ ನನ್ನ ಕಡೆ ಬೆನ್ನು, ಆಕೆಗೆ ನಾನು ಕಾಣುತ್ತಿರಲಿಲ್ಲ. ನಾನು ಅಲ್ಲೇ ನಿಂತೆ.

“ಬಾಯಾರ, ನಿಮ್ಮನ್ಯಾಗ ಕೆಲಸಕ್ಕಿದ್ದ ಹೆಣಮಗಳನ್ನ ಕರೀರಿ” ಎಂದ ಪಟ್ಟೇವಾಲ. “ನಾಳೆ ನಮ್ಮ ಡೇರೆ ಏಳತೈತಿ. ಸಾಹೇಬ್ರು ಆಕಿನ್ನ ಕರಕೊಂಡ ಬಾ ಅಂದಾರ.”

“ನಮ್ಮನ್ಯಾಗ ಕೆಲಸಕ್ಕ?”

“ಹೂನ್ರಿ. ಹಕ್ಕಿ ಬಗ್ಗೆ ಭಾಳ ಬಲ್ಲಾಕಿ ಅಂತಲ್ಲ. ಸಾಹೇಬ್ರು ಬಂದಾಗ ಎಲ್ಲಾ ಹೇಳಿದ್ಳಂತ. ಮಾಸ್ತರ ಹೇಳ್ಯಾರಂತ, ಆಕಿ ಮನಿ ಆಳು ಅಂತ.”

ನನ್ನ ಕೈ ಸೈಕಲ್ಲಿನ ಹಿಡಿಕೆಯ ಮೇಲೆಯೇ ಇತ್ತು. ಮುಂದೆ ಬಂದು ಏನಾದರೂ ಅನ್ನಬಹುದಿತ್ತು. ಪಟ್ಟೇವಾಲನ ಮುಂದೆಯಾದರೂ ಸರಿ, ‘ಈಕೆ ನನ್ನ ಹೆಂಡತಿ’ ಎಂದಿದ್ದರೆ ಆಗುತ್ತಿತ್ತು.

ಕೊನೆಗೆ ಆಕೆಯ ದನಿ ಕೇಳಿತು. ಮೆತ್ತಗೆ, ಏನೂ ಆಗಿಲ್ಲದ ಹಾಗೆ. “ಆಕಿ ಕೆಲಸಾ ಬಿಟ್ಟು ಹೋದ್ಳಪಾ.”

“ಎಲ್ಲಿಗೆ ಹೋದ್ಳರಿ? ಊರ ಯಾವುದು?”

“ಗೊತ್ತಿಲ್ಲ. ಇನ್ನ ಬರೂದಿಲ್ಲ ಆಕಿ.”

ನಾನು ಸೈಕಲ್ ಹೊರಳಿಸಿಕೊಂಡು ಓಣಿಯ ತುದಿಯ ತನಕ ಹೋಗಿ, ಅಲ್ಲಿ ಯಾರದೋ ಜೊತೆ ಹರಟೆ ಹೊಡೆದು, ಈಗಷ್ಟೇ ಬಂದವನ ಹಾಗೆ ಬ್ರೇಕಿನ ಸಪ್ಪಳ ಮಾಡುತ್ತ ಬಂದೆ. ಗಿರಿಜಾ ಕಾಲಿಗೆ ನೀರು ಕೊಟ್ಟಳು. ರೊಟ್ಟಿ ಬಡಿದಳು. ಊಟಕ್ಕೆ ಬಡಿಸಿದಳು. ಯಾರೋ ಬಂದಿದ್ದರೆಂದು ಅನ್ನಲಿಲ್ಲ. ಯಾರಾದರೂ ಬಂದಿದ್ದರೇ ಎಂದು ನಾನೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಎದ್ದಾಗ ಹಿಂದಿನ ಪಡಸಾಲೆಯಲ್ಲಿ ಸರಸರ ಸಪ್ಪಳ. ಗಿರಿಜಾ ಸೆರಗನ್ನು ಮೂಗಿಗೆ ಕಟ್ಟಿಕೊಂಡು, ಗಳಕ್ಕೆ ಕಸಬರಿಗೆ ಕಟ್ಟಿ, ಜಂತಿಜಂತಿ ಬಿಡದೆ ಬಲೆ ತೆಗೆಯುತ್ತಿದ್ದಳು. ಬಿದ್ದ ಬಿಳಿ ಚೀಲಗಳನ್ನೆಲ್ಲ ಗುಡಿಸಿ ಒಲೆಗೆ ಹಾಕಿದಳು. “ಹಂಗ ನೋಡವಾ, ಈಗ ಬುದ್ಧಿ ಬಂತು” ಎಂದಳು ಅವ್ವ, ಜಪದ ಮಣಿ ಎಣಿಸುತ್ತ.

ಮುಂದಿನ ಬೇಸಿಗೆಯಲ್ಲಿ ಹಕ್ಕಿ ಬಂತು. ನಾನು ನೋಡಿದೆ. ಸೂರಿನ ಕೆಳಗೆ ಗಾಳಿಯಲ್ಲಿ ರೆಕ್ಕೆ ಬಡಿಯುತ್ತ ಒಂದು ಜಂತಿಯಿಂದ ಇನ್ನೊಂದಕ್ಕೆ ಹೋಯಿತು. ಏನೂ ಸಿಗಲಿಲ್ಲ. ಗಿರಿಜಾ ಆರು ಮೊಳ ದೂರದಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ತಲೆ ಎತ್ತಲಿಲ್ಲ. “ನೋಡು, ನಿನ್ನ ಹಕ್ಕಿ” ಎಂದೆ. “ಹೌದೇನ್ರಿ” ಎಂದಳು, ಬೂದಿ ಮುಟ್ಟಿದ ಕೈಯನ್ನು ನೋಡುತ್ತ.

ಆಕೆ ನನ್ನ ಜೊತೆ ಜಗಳಾಡಲಿಲ್ಲ. ಮಾತು ಬಿಡಲಿಲ್ಲ. ಸಂಸಾರ ಚೆನ್ನಾಗಿಯೇ ನಡೆಯಿತು. ಮಗಳು ಹುಟ್ಟಿದಳು, ಅವ್ವ ತೀರಿಕೊಂಡಳು, ನನಗೆ ಹುಬ್ಬಳ್ಳಿಗೆ ವರ್ಗವಾಯಿತು. ಜೋಳ ಮುಗಿದದ್ದು, ಮಗಳ ಜ್ವರ, ನೆರೆಯವರ ಮದುವೆ ಎಲ್ಲ ಹೇಳುತ್ತಾಳೆ. ತಾನು ಕಂಡದ್ದನ್ನು ಮಾತ್ರ ಹೇಳುವುದಿಲ್ಲ. ಎಷ್ಟೋ ಸಲ ಹಿತ್ತಲಲ್ಲಿ ನಿಂತು ಎಲ್ಲೋ ಮೇಲೆ ನೋಡುತ್ತಿರುತ್ತಾಳೆ, ಒದ್ದೆ ಬಟ್ಟೆ ಕೈಯಲ್ಲಿ ಹಾಗೇ ಇರುತ್ತದೆ. “ಏನ್ ನೋಡಾಕತ್ತೀ?” ಎಂದರೆ, “ಏನಿಲ್ಲರಿ.” ಇಪ್ಪತ್ತು ವರ್ಷದಲ್ಲಿ ಆ ‘ಏನಿಲ್ಲರಿ’ಯನ್ನು ನಾನು ಎಷ್ಟು ಸಲ ಕೇಳಿದ್ದೇನೋ. ಆಕೆ ಏನನ್ನೋ ನೋಡುತ್ತಿದ್ದಾಳೆ, ಅದು ಅಲ್ಲೇ ಇದೆ, ನನಗೆ ಕಾಣುತ್ತಿಲ್ಲ. ಊರ ತುಂಬ ಹಕ್ಕಿ ಮಾಸ್ತರನೆಂದು ಹೆಸರು ಹೊತ್ತವನು ಸ್ವಂತ ಹಿತ್ತಲಲ್ಲಿ ಕುರುಡನ ಹಾಗೆ ನಿಂತಿರುತ್ತೇನೆ.

ಸಾಹೇಬ ಅದೇ ಪತ್ರಿಕೆಯಲ್ಲಿ ಒಂದು ತಿದ್ದುಪಡಿ ಬರೆದಿದ್ದ. ಈ ಹಕ್ಕಿಯಲ್ಲಿ ಗೂಡು ಕಟ್ಟುವುದು ಹೆಣ್ಣು ಮಾತ್ರ ಎಂದು ಲೇಖಕರ ಮನೆಯಾಳು ಖಚಿತಪಡಿಸಿದ್ದಾಳೆ, ಇಷ್ಟೇ. ನಾಲ್ಕು ಸಾಲು. ಅಚ್ಚಿನಲ್ಲಿ ಈಗಲೂ ಹಾಗೇ ಇದೆ.

ಇಂಗ್ಲಿಷರೆಲ್ಲ ಹಡಗು ಹತ್ತಿ ಹೋದ ಮೇಲೆ ನನಗೆ ಧೈರ್ಯ ಬಂತು. ಇದೂ ನನ್ನ ಸ್ವಭಾವಕ್ಕೆ ತಕ್ಕದ್ದೇ. ಆ ಪತ್ರಿಕೆಗೆ ಕಾಗದ ಬರೆದೆ: ಮನೆಯಾಳು ಎಂದದ್ದು ತಪ್ಪು, ನೋಡಿದವಳು ನನ್ನ ಹೆಂಡತಿ, ಟಿಪ್ಪಣಿಯೆಲ್ಲ ಆಕೆಯದೇ. ಅಷ್ಟು ಹಳೆಯ ವಿಷಯವನ್ನು ಮತ್ತೆ ಎತ್ತಿಕೊಳ್ಳಲು ಬರುವುದಿಲ್ಲ, ಹೊಸದೇನಾದರೂ ಕಂಡಿದ್ದರೆ ಕಳಿಸಿರಿ ಎಂದು ಉತ್ತರ ಬಂತು. ಆ ಉತ್ತರವನ್ನು ಹಿಡಿದುಕೊಂಡೇ ಅಡಿಗೆಮನೆಗೆ ಹೋದೆ. ಆ ವಿಷಯವನ್ನು ನಮ್ಮಿಬ್ಬರ ನಡುವೆ ತೆರೆದದ್ದು ಅದೇ ಮೊದಲ ಸಲ. ಪಟ್ಟೇವಾಲ ಬಂದ ದಿನ ನಾನು ಗೋಡೆಯ ಹತ್ತಿರವೇ ನಿಂತಿದ್ದೆನೆಂದೂ ಹೇಳಿದೆ. ಗಿರಿಜಾ ಅಕ್ಕಿ ಹಸನ ಮಾಡುತ್ತಿದ್ದಳು. ಮೊರದಿಂದ ಕಣ್ಣು ತೆಗೆಯದೆ ಕೇಳಿದಳು.

“ನಿನ್ನ ಹೆಸರ ಹಾಕಸಬೇಕಂತ ಭಾಳ ಪ್ರಯತ್ನ ಮಾಡಿದೆ” ಎಂದೆ.

“ಹೆಸರ ಯಾರ ಬೇಡಿದ್ರು?” ಎಂದಳು. ಒಂದು ಕಲ್ಲು ಆರಿಸಿ ಬದಿಗಿಟ್ಟಳು. “ಅವತ್ತ ಸಾಹೇಬ ಈಕಿ ಯಾರು ಅಂತ ಕೇಳಿದಾಗ ಹೇಳಿದ್ರ ಸಾಕಿತ್ತು.”

ಮೊನ್ನೆ ಗೋಡೆ ಜಾಡಿಸಿದ ಮೇಲೆ ಕೂತು ಇದನ್ನು ಬರೆದೆ. ಈ ಸಲ ಕನ್ನಡದಲ್ಲಿ ಬರೆದೆ. ಇಂಗ್ಲಿಷಿನಲ್ಲಿ ಬರೆದದ್ದನ್ನು ಆಕೆ ಓದಲಾರಳು. ಆ ಅನುಕೂಲವನ್ನು ಇಪ್ಪತ್ತು ವರ್ಷ ಉಂಡಿದ್ದೇನೆ. ಕನ್ನಡವನ್ನು ಆಕೆ ಬಿಡುವುದಿಲ್ಲ. ಸಾಮಾನು ಕಟ್ಟಿ ಬಂದ ಕಾಗದವನ್ನು ಸಹ ಬಿಡಿಸಿ ಓದುತ್ತಾಳೆ. ಹಾಳೆಗಳನ್ನು ಆಕೆಯ ಮುಂದಿಟ್ಟು, ನಾನು ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತೆ. ದುರ್ಗದಬೈಲಿನಲ್ಲಿ ಕೊಡಿಸಿದ ಚಷ್ಮಾ ಏರಿಸಿಕೊಂಡು ಆಕೆ ಒಂದೊಂದೇ ಹಾಳೆ ತಿರುವುತ್ತಿದ್ದುದು ಕಿಟಕಿಯಿಂದ ಕಾಣುತ್ತಿತ್ತು. ಅಳಬಹುದು ಎಂದುಕೊಂಡೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಕ್ಷಮಿಸಿಯೂ ಬಿಡಬಹುದೆಂದುಕೊಂಡೆ.

ಓದಿ ಮುಗಿಸಿ ಹೊರಗೆ ಬಂದಳು. ಹಾಳೆಗಳನ್ನು ಜೋಡಿಸಿ ನನ್ನ ಕೈಗೆ ಕೊಟ್ಟಳು.

“ಎಲ್ಲಾ ಬರೋಬ್ಬರಿ ಬರದೀರಿ. ಒಂದ ತಪ್ಪೈತಿ.”

“ಏನು?”

“ನಾ ಬಾಗಲ ಹಿಂದ ಇದ್ದಿಲ್ಲ. ಚಾ ತಂದಾಕಿ ನಾನ. ತಾಟ ಹಿಡಕೊಂಡು ಹೊಸ್ತಲದಾಗ ನಿಂತಿದ್ದೆ. ಸಾಹೇಬ ನನ್ನ ಕಡೆ ಕೈ ಮಾಡಿ ಕೇಳಿದ. ನೀವು ಹೊಳ್ಳಿ ನನ್ನ ಮುಖಾ ನೋಡಿದ್ರಿ. ಆಮ್ಯಾಲ ಹೇಳಿದ್ರಿ.”

ಚಷ್ಮಾ ತೆಗೆದು ಸೆರಗಿನಿಂದ ಒರೆಸಿಕೊಳ್ಳುತ್ತ ಒಳಗೆ ಹೋದಳು.

ಮೇಲೆ ಬರೆದದ್ದನ್ನು ನಾನು ಹೊಡೆದುಹಾಕಿಲ್ಲ. ನಾನು ಹೇಗೆ ಬರೆದಿದ್ದೆ ಎಂಬುದೂ ನಿಮಗೆ ತಿಳಿದಿರಲಿ. ಆದರೆ ಆಕೆ ಹೇಳಿದ್ದೇ ಖರೆ. ಆಕೆ ಹೊಸ್ತಿಲಲ್ಲಿ ನಿಂತಿದ್ದಳು. ನಾನು ನೋಡಿದ್ದೆ.